ಮೌನೇಶಾಚಾರಿಗೆ ಕೊಟ್ಟ ಕೀ

ಹಾಸನದ ಮಾರ್ಕೆಟ್ ರಸ್ತೆಯಲ್ಲಿ ಮೌನೇಶಾಚಾರಿ ಅಂತ ಒಬ್ಬರಿದ್ದಾರೆ. ಕೀ ಮಾಡಿಕೊಡುವುದು ಅವರ ಕೆಲಸ.

ಊರಿನ ಅದೆಷ್ಟೋ ಬೀಗಗಳನ್ನು ತೆರೆದ ಕೈ... ಆದರೆ ಅವರ ಸ್ವಂತ ಮನೆಯ ಒಂದು ಕೀ ಕೂಡ ಆ ಕೈಗೆ ಸಿಗುತ್ತಿರಲಿಲ್ಲ.

ಬಾಗಿಲ ಕೀ, ಬೀರು ಕೀ, ಸ್ಕೂಟರ್ ಕೀ... ಎಲ್ಲವೂ ಹೆಂಡತಿ ಮಂಗಳಮ್ಮನ ಸೊಂಟದಲ್ಲಿ. ಕಾರಣ, ಕುಡಿತ.

ಬೀಗದೊಳಗೆ ಐದಾರು ಪುಟ್ಟ ಪಿನ್‌ಗಳಿರುತ್ತವೆ. ಕೀಯ ಒಂದು ಹಲ್ಲನ್ನು ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಅದು ತಿರುಗುವುದಿಲ್ಲ.

ಆಚಾರಿಯ ಕೈ ಬೆಳಿಗ್ಗೆ ಹತ್ತಕ್ಕೇ ನಡುಗತೊಡಗಿತ್ತು... ಕೊನೆಗೆ ಡಾಕ್ಟರ ಹತ್ತಿರ ಹೋದರು.

"ಔಷಧಿ ನಾನು ಕೊಡ್ತೀನಿ" ಅಂದರು ಡಾಕ್ಟರು. "ಆದ್ರೆ ಕುಡಿತ ಬಿಟ್ಟೋರ ಜೊತೆ ಹೋಗಿ ಕೂತ್ಕೋಬೇಕಾದೋರು ನೀವು."

ಒಂದು ಚೀಟಿ ಕೊಟ್ಟರು. ಹಳೇ ಶಾಲೆಯ ಮಹಡಿ, ಭಾನುವಾರ ಸಂಜೆ ಐದು ಗಂಟೆ.

ಎರಡು ಭಾನುವಾರ ಆಚಾರಿ ಗೇಟಿನ ತನಕ ಹೋಗಿ ವಾಪಸ್ ಬಂದರು. ಯಾರಾದರೂ ನೋಡಿದರೆ?

ಮೂರನೇ ಭಾನುವಾರ ಗೇಟಿನ ಪಕ್ಕ ಹೂವು ಮಾರುವ ಹೆಂಗಸು ಕೂಗಿದಳು...

"ಯಜಮಾನ್ರೇ, ಮೂರು ವಾರದಿಂದ ಬರೀ ಗೇಟಿಗೇ ಪ್ರದಕ್ಷಿಣೆ ಹಾಕ್ತಿದೀರಲ್ಲ! ದೇವ್ರು ಮಹಡಿ ಮೇಲವ್ನೆ. ಮೆಟ್ಟಿಲು ಹತ್ತಿ!"

ಹತ್ತದೆ ಬೇರೆ ದಾರಿಯಿರಲಿಲ್ಲ.

ಮೇಲೆ ಏಳು ಜನ ಬೆಂಚುಗಳ ಮೇಲೆ ಸುತ್ತ ಕೂತಿದ್ದರು. ಅವರಲ್ಲಿ ಹಿರಿಯರು, ರಿಟೈರ್ಡ್ ಬಸ್ ಕಂಡಕ್ಟರ್ ರುದ್ರಣ್ಣ.

"ಒಳಗೆ ಬನ್ನಿ, ಒಳಗೆ... ಬಾಗಿಲಲ್ಲಿ ನಿಲ್ಬೇಡಿ, ಸೀಟ್ ಖಾಲಿ ಇದೆ!"

ಎಲ್ಲರೂ ನಕ್ಕರು. ಒಬ್ಬೊಬ್ಬರೂ ತಮ್ಮ ತಮ್ಮ ವಾರದ ಕಥೆ ಹೇಳಿದರು. ಆಚಾರಿ ಹೆಸರಷ್ಟೇ ಹೇಳಿದರು. ಯಾರೂ ಒತ್ತಾಯ ಮಾಡಲಿಲ್ಲ.

ಹೊರಡುವಾಗ ರುದ್ರಣ್ಣ ಆಚಾರಿಯ ಅಂಗೈಯಲ್ಲಿ ಒಂದು ಕೀ ಇಟ್ಟರು.

"ಮುಂದಿನ ವಾರ ಬಾಗಿಲು ತೆಗೆಯೋರು ನೀವು."

"ನಾನಾ? ಕಟ್ಕೊಂಡ ಹೆಂಡ್ತೀನೇ ನನ್ನ ಕೈಗೆ ಕೀ ಕೊಡಲ್ಲ ಸ್ವಾಮಿ!"

"ಇಲ್ಲಿ ರೂಲ್ಸೇ ಹಂಗೆ. ಯಾರು ಹೊಸಬ್ರೋ, ಅವ್ರೇ ಬಾಗಿಲು ತೆಗೀಬೇಕು."

ಆಚಾರಿಯ ಕಣ್ಣು ಕೀ ಮೇಲೆ ಹರಿಯಿತು. ಹೊಳೆಯುವ ಹಿತ್ತಾಳೆ, ಸವೆಯದ ಹಲ್ಲುಗಳು... ಡೂಪ್ಲಿಕೇಟ್. ಹಾಗಾದರೆ ಅಸಲಿ ಬೇರೆ ಯಾರ ಹತ್ತಿರವೋ ಇದೆ. ಸುಮ್ಮನೆ ನನ್ನ ಸಮಾಧಾನಕ್ಕೆ ಕೊಟ್ಟಿದ್ದಾರೆ!

ಆರು ದಿನ ಕುಡಿಯದೆ ಹೇಗೋ ಕಳೆದರು.

ಭಾನುವಾರ ಮಧ್ಯಾಹ್ನ ಹಳೇ ಗೆಳೆಯನೊಬ್ಬ ಅಂಗಡಿ ಮುಂದೆ ನಿಂತು ನಕ್ಕ. "ಏನ್ ಆಚಾರಿ, ಭಜನೆ ಮಂಡ್ಳಿ ಸೇರ್ದ್ಯಂತೆ? ಎಷ್ಟು ದಿನಕ್ಕೋ?"

ಅಕ್ಕಪಕ್ಕದ ಅಂಗಡಿಯವರೂ ನಕ್ಕರು...

ಐದು ಗಂಟೆಗೆ ಆಚಾರಿ ವೈನ್ ಶಾಪ್ ಎದುರು ನಿಂತಿದ್ದರು.

ಮನಸ್ಸು ಹೇಳುತ್ತಿತ್ತು... ಅಸಲಿ ಕೀ ಇರುವವರು ಇಷ್ಟು ಹೊತ್ತಿಗೆ ಬಾಗಿಲು ತೆಗೆದಿರುತ್ತಾರೆ. ನೀನು ಹೋಗದಿದ್ದರೆ ಯಾವ ಕೆಲಸವೂ ನಿಲ್ಲುವುದಿಲ್ಲ.

ಅಲ್ಲೇ ಎಷ್ಟು ಹೊತ್ತು ನಿಂತರೋ... ಜೇಬಿನ ಕೀ ಮಾತ್ರ ಚುಚ್ಚುತ್ತಲೇ ಇತ್ತು.

ಅಪ್ಪ ಕಲಿಸಿದ ಕಸುಬಿನ ನಿಯಮ ಒಂದಿತ್ತು. ಇನ್ನೊಬ್ಬರ ಕೀ ನಮ್ಮ ಹತ್ತಿರ ಉಳಿಯಬಾರದು. ಕುಡಿತದ ದಿನಗಳಲ್ಲೂ ಆಚಾರಿ ಅದನ್ನು ಮುರಿದಿರಲಿಲ್ಲ.

ಕೀ ಕೊಟ್ಟು ಬಂದುಬಿಡೋಣ. ಆಮೇಲೆ ಕುಡಿಯೋಣ...

ಶಾಲೆ ಮುಟ್ಟುವಾಗ ಐದು ಮುಕ್ಕಾಲು.

ಗೇಟಿನಲ್ಲೇ ಹೂವಿನ ಹೆಂಗಸು ಸಿಡುಕಿದಳು. "ಈಗ ಬಂದ್ರಾ! ನಿಮ್ಮೋರು ಆಗ್ಲಿಂದ ಬಿಸಿಲಲ್ಲಿ ಬೇಯ್ತಾವ್ರೆ!"

ಆಚಾರಿ ತಲೆಯೆತ್ತಿ ನೋಡಿದರು. ಏಳೂ ಜನ ಮೆಟ್ಟಿಲುಗಳ ಮೇಲೆ ಕೂತಿದ್ದರು. ಬಾಗಿಲಿಗೆ ಬೀಗ ಹಾಗೇ ಇತ್ತು.

"ಲೇಟಾಯ್ತು..."

"ಬಿಡಿ, ನಮ್ಮ ಬಸ್ಸು ಇನ್ನೂ ಲೇಟಾಗಿ ಬರ್ತಿತ್ತು" ಅಂದರು ರುದ್ರಣ್ಣ.

ಎರಡು ಸಲ ಕೀ ತಪ್ಪಿತು. ಮೂರನೇ ಸಲಕ್ಕೆ ಬೀಗ ತೆರೆಯಿತು. ಆಗ ಆಚಾರಿಗೆ ತಡೆಯಲಾಗಲಿಲ್ಲ.

"ರುದ್ರಣ್ಣ, ಇದು ಡೂಪ್ಲಿಕೇಟು ಅಂತ ನಂಗೆ ಅವತ್ತೇ ಗೊತ್ತಾಯ್ತು. ಅಸಲಿ ಇರೋರು ಯಾಕೆ ಬರ್ಲಿಲ್ಲ?"

ರುದ್ರಣ್ಣ ನಗುತ್ತಾ ಜೇಬಿನಿಂದ ಒಂದು ಸವೆದ ಕೀ ತೆಗೆದರು.

ಪಕ್ಕದಲ್ಲಿದ್ದ ಟೀಚರೊಬ್ಬರು ಪರ್ಸಿನಿಂದ ಇನ್ನೊಂದು ತೆಗೆದರು. ಅವರ ಹಿಂದಿದ್ದವರು ಮತ್ತೊಂದು...

ಹೊಸಬರು ಬಂದಾಗಲೆಲ್ಲ ಕೊಡಲು ಒಂದೊಂದು ಕೀ ಮೊದಲೇ ಮಾಡಿಸಿಡುತ್ತಿದ್ದರು. ಏಳು ಜನರ ಹತ್ತಿರ ಏಳು ಕೀ!

"ಮತ್ತೆ... ಯಾಕೆ ತೆಗೀಲಿಲ್ಲ?"

ರುದ್ರಣ್ಣ ಆಚಾರಿಯ ಹೆಗಲ ಮೇಲೆ ಕೈ ಇಟ್ಟರು.

"ನಾವೇ ತೆಗೆದು ಒಳಗೆ ಕೂತಿದ್ರೆ... ನೀನು ಬರಲ್ಲ ಅಂತ ನಾವೇ ತೀರ್ಮಾನ ಮಾಡ್ದಂಗೆ ಆಗ್ತಿರ್ಲಿಲ್ವೇನಪ್ಪಾ?"

ಆಚಾರಿ ಹೊಸ್ತಿಲಲ್ಲೇ ಕೂತು ಅತ್ತರು...

ಅವತ್ತು ಮೀಟಿಂಗಿನಲ್ಲಿ ಮೊದಲ ಸಲ ಬಾಯಿಬಿಟ್ಟರು. "ನಾನು ಕುಡಿಯಕ್ಕೆ ಹೊರಟಿದ್ದೆ. ಕೀ ವಾಪಸ್ ಕೊಡೋಕಷ್ಟೇ ಬಂದೆ."

"ನಾನೂ ಹಂಗೇ ಬಂದಿದ್ದೆ ಆಚಾರ್ರೇ" ಅಂದರು ಟೀಚರ್. "ನನ್ನ ಸಲ ಇವ್ರೆಲ್ಲ ಮಳೇಲಿ ನೆಂದಿದ್ರು."

ನಾಲ್ಕು ತಿಂಗಳಾಯಿತು. ಕಳೆದ ವಾರ ಒಬ್ಬ ಹೊಸಬ ಬಂದ. ಅವನಿಗೆ ಕೊಟ್ಟ ಒಂಬತ್ತನೇ ಕೀಯನ್ನು ಉಜ್ಜಿದ್ದು ಆಚಾರಿಯೇ. ಕೈ ನಡುಗಲಿಲ್ಲ.

ಈ ಭಾನುವಾರ ಹೊರಡುವಾಗ ಮಂಗಳಮ್ಮ ಅಡ್ಡ ಬಂದರು. ಸೊಂಟದಿಂದ ಸ್ಕೂಟರ್ ಕೀ ಬಿಡಿಸಿ, ಗಂಡನ ಅಂಗೈಯಲ್ಲಿಟ್ಟರು.

"ಬೇಗ ಹೋಗಿ... ಆ ಹೊಸಬರು ಬರೋದ್ರೊಳಗೆ ನೀವು ಮೆಟ್ಟಿಲ ಮೇಲೆ ಇರ್ಬೇಕು."

ಕೀ ಕೊಡುವುದು ನಂಬಿಕೆ... ತನ್ನ ಕೀ ಜೇಬಿನಲ್ಲಿದ್ದರೂ ಕೀ ಪಡೆದವನೇ ಬಂದು ತೆರೆಯಲಿ ಅಂತ ಕಾಯುವುದು ಪ್ರೀತಿ.

ಗೇಟಿನ ತನಕ ಬಂದು ವಾಪಸ್ ಹೋಗುತ್ತಿರುವವರು ನಿಮ್ಮವರಲ್ಲೂ ಒಬ್ಬರಿರಬಹುದು... ಅವರಿಗಾಗಿ ನೀವು ಎಷ್ಟು ಹೊತ್ತು ಮೆಟ್ಟಿಲ ಮೇಲೆ ಕೂರಬಲ್ಲಿರಿ?