ಲ್ಯಾಮಿನೇಷನ್ ಮಾಡಿಸಿದ ರಿಪೋರ್ಟು

ಮೂರು ತಿಂಗಳು ಮಾತ್ರೆ ನುಂಗಿ ಹೆಪಟೈಟಿಸ್ ಸಿ ವಾಸಿ ಮಾಡಿಕೊಂಡ ಉಮಾಪತಿ, ರಕ್ತದಲ್ಲಿ ವೈರಸ್ ಇಲ್ಲವೆಂಬ ರಿಪೋರ್ಟಿಗೆ ಲ್ಯಾಮಿನೇಷನ್ ಮಾಡಿಸಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಡುಮ್ಕಿ ಹೊಡೆದವನು ಜೀವನದಲ್ಲಿ ಪಾಸಾದ ಪರೀಕ್ಷೆ ಅದೊಂದೇ. ಡ್ರಗ್ಸ್ ಚುಚ್ಚಿಕೊಳ್ಳುವ ಚಟ ಮಾತ್ರ ಬಿಟ್ಟಿರಲಿಲ್ಲ. ಆರೇ ತಿಂಗಳಿಗೆ ಅದೇ ರೋಗ ಮತ್ತೆ ಬಂತು.

"ಬೇರೆಯವರ ಸೂಜಿ ಮುಟ್ಟಬೇಡ ಅಂತ ಬಡ್ಕೊಂಡಿದ್ನಲ್ಲಯ್ಯಾ!" ಎಂದರು ಡಾಕ್ಟರು.

"ನಿಮ್ಮಾಣೆ ಮುಟ್ಟಿಲ್ಲ ಸಾರ್. ನನ್ನಂಥ ದಡ್ಡನ ತಲೆಗೂ ಅದೊಂದು ಹೋಗಿತ್ತು. ಚುಚ್ಕೊಂಡಿದ್ದೆಲ್ಲ ನನ್ನ ಸೂಜೀಲೇ."

"ಮತ್ತೆ ಹೇಗೆ ಬಂತು?"

ಉಮಾಪತಿ ಚೀಲದಿಂದ ಆ ಲ್ಯಾಮಿನೇಷನ್ ರಿಪೋರ್ಟು ತೆಗೆದು ಮೇಜಿನ ಮೇಲಿಟ್ಟು ತಲೆ ಕೆರೆದುಕೊಂಡ.

"ಇದನ್ನ ನಮ್ಮ ಗ್ಯಾಂಗಿಗೆಲ್ಲ ತೋರಿಸ್ಬಿಟ್ಟೆ ಸಾರ್. ಅವತ್ತಿಂದ ನನ್ನ ಸೂಜೀನೇ ಸೇಫು ಅಂತ ಎಲ್ರೂ ಮೊದಲು ಅದರಲ್ಲೇ ಚುಚ್ಕೊಂಡು, ಆಮೇಲೆ ನಂಗೆ ವಾಪಸ್ ಕೊಡ್ತಾರೆ."