ಆಚೆ ದಡದ ದನಿ

ಪರದೆಯ ಮೇಲಿನ ಮರಿ ಅಳಿಲು ಹಲ್ಲು ಬಿಟ್ಟು ನಗುತ್ತಿತ್ತು. ಕನ್ನಡದಲ್ಲಿ ಅದಕ್ಕೆ ದನಿ ಕೊಡುತ್ತಿದ್ದ ಗುಬ್ಬಿಯ ಮಾತು ಮಾತ್ರ ಮತ್ತೆ ಅಳುವಾಗಿ ಹೊರಟಿತು.

“ಅಕ್ಕಾ, ಇದು ಮಕ್ಕಳ ಸಿನಿಮಾ,” ಎಂದ ಸೌಂಡ್ ಇಂಜಿನಿಯರ್, ಗಾಜಿನ ಆಚೆಯಿಂದ. ಹೆಡ್‌ಫೋನಿನಲ್ಲಿ ಅವನ ದನಿ ಕಿವಿಯೊಳಗೇ ಕೂತು ಮಾತಾಡಿದಂತಿತ್ತು. “ಅಳಿಲು ನಗ್ತಾ ಇದೆ. ನೀವು ಅದರ ಬಾಯಿಗೆ ಅಳು ತುರುಕ್ತಾ ಇದೀರಿ. ಇನ್ನೊಂದು ಸಲ ನೋಡೋಣ.”

ಮನೆಯಲ್ಲೂ ಸ್ಟುಡಿಯೋದಲ್ಲೂ ಅವಳು ಗುಬ್ಬಿಯೇ. ತಲೆ ಅರ್ಧ ನರೆತಿದ್ದರೂ ಮೈಕಿನ ಮುಂದೆ ನಿಂತರೆ ಹಾಲುಹಲ್ಲು ಉದುರುವ ವಯಸ್ಸಿನ ಮಗುವಿನ ದನಿ ಹೊರಡುತ್ತಿತ್ತು. ಬೇರೆ ಭಾಷೆಯ ಕಾರ್ಟೂನಿನಲ್ಲಿ ಮರಿಕೋತಿಯಿರಲಿ, ಮರಿಯಾನೆಯಿರಲಿ, ಫೋನು ಬರುತ್ತಿದ್ದುದು ಅವಳಿಗೇ. ಇಷ್ಟು ವರ್ಷದಲ್ಲಿ ಒಂದು ಮಾತಿಗೆ ಅವಳು ಹೀಗೆ ತಿಣುಕಾಡಿದ್ದಿಲ್ಲ.

ಚಿತ್ರದ ಕಥೆ ಸರಳವಾಗಿತ್ತು. ಹೊಳೆ ಉಕ್ಕಿ ಬಂದಾಗ ಅಳಿಲಿನ ಸಂಸಾರದ ಕಿರಿಯವನು ನೀರಿನ ಪಾಲಾಗುತ್ತಾನೆ. ಕಣ್ಣು ಬಿಟ್ಟರೆ ಆಚೆ ದಡ. ಅಲ್ಲಿ ಒಂದು ಒಳ್ಳೆಯ ಮರ ನೋಡಿ ಗೂಡು ಕಟ್ಟುತ್ತಾನೆ. ನಡುವೆ ದಟ್ಟ ಮಂಜು. ಈಚೆಯವರಿಗೆ ಅವನು ಕಾಣುವುದಿಲ್ಲ. ಕೊನೆಗೆ ತುದಿಕೊಂಬೆ ಹತ್ತಿ ಕೂಗುತ್ತಾನೆ: “ಅಮ್ಮಾ, ಗೂಡು ಕಟ್ಟಿದೀನಿ. ನಿಧಾನವಾಗಿ ಬನ್ನಿ.” ಊರು ಬಿಟ್ಟು ಊರಿಗೆ ಹೋಗುವವರ ಕಥೆ ಎಂದು ಇಂಜಿನಿಯರ್ ವಿವರಿಸಿದ್ದ. ಗುಬ್ಬಿ ಹೂಂಗುಟ್ಟಿದ್ದಳು. ಆದರೆ ಚಿತ್ರವನ್ನು ಮೊದಲ ಸಲ ನೋಡಿದಾಗಲೇ ಅವಳಿಗೆ ಬೇರೇನೋ ಅನ್ನಿಸಿತ್ತು. ಜ್ವರವೆಂದು ಆಸ್ಪತ್ರೆ ಸೇರಿದ ಅವಳ ತಮ್ಮ ಮನೆಗೆ ಮರಳದೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

ಅಮ್ಮನನ್ನು ಕರೆದುಕೊಂಡು ಬರಬಾರದಿತ್ತು ಎಂದು ಅವಳಿಗೆ ಬೆಳಗಿನಿಂದ ಅನ್ನಿಸುತ್ತಿತ್ತು. ಆದರೆ ಮಗ ಹೋದ ಮೇಲೆ ಅಮ್ಮ ಮನೆಯಲ್ಲಿ ಒಬ್ಬಳೇ ಇರಲು ಒಪ್ಪುತ್ತಿರಲಿಲ್ಲ. ಈಗ ಇಂಜಿನಿಯರನ ಪಕ್ಕದ ಕುರ್ಚಿಯಲ್ಲಿ ಕಾಲು ಮಡಿಸಿ ಕೂತು, ಒಂದಕ್ಷರ ಅರ್ಥವಾಗದ ಆ ಚಿತ್ರವನ್ನು ಕಣ್ಣು ಕೀಳದೆ ನೋಡುತ್ತಿದ್ದಳು. ಇಷ್ಟು ದಿನ ಅವಳು ಕಂಡಕಂಡವರನ್ನು ಕೇಳುತ್ತಿದ್ದುದು ಒಂದೇ: “ಅಲ್ಲಿ ಅವನಿಗೆ ಯಾರಿದಾರೆ?” ಬಂದವರು ದೊಡ್ಡ ದೊಡ್ಡ ಮಾತಾಡಿ ಎದ್ದು ಹೋಗುತ್ತಿದ್ದರು. ಗುಬ್ಬಿ ಮಾತು ತಿರುಗಿಸುತ್ತಿದ್ದಳು.

ಮತ್ತೊಂದು ಟೇಕು ಕೆಟ್ಟಿತು. ಅಮ್ಮ ಮುಂದೆ ಬಾಗಿ, “ಯಾವುದು ಒತ್ತಿದ್ರೆ ಅವಳಿಗೆ ಕೇಳ್ಸುತ್ತೆ?” ಎಂದು ಇಂಜಿನಿಯರನನ್ನು ಕೇಳಿ, ಅವನು ತೋರಿಸಿದ ಗುಂಡಿಯನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿದಳು.

“ಗುಬ್ಬೀ, ಆ ಮರಿ ಸತ್ತುಹೋಗಿದೆ ಅಲ್ವೇನೇ?”

ಇಂಜಿನಿಯರ್ ಗಡಬಡಿಸಿದ. “ಛೆ, ಹಾಗಲ್ಲಮ್ಮ. ಬೇರೆ ಊರಿಗೆ ಹೋಗೋರ ಕಥೆ ಇದು. ಮಕ್ಕಳ ಸಿನಿಮಾದಲ್ಲಿ ಯಾರೂ ಸಾಯಲ್ಲ.”

“ಅದೂ ಬೇರೆ ಊರೇ ಅಲ್ವಾ?” ಎಂದಳು ಅಮ್ಮ. “ಬೆಳಗಿನಿಂದ ನೋಡ್ತಾ ಇದೀನಿ. ಈಚೆ ಇದ್ದಾಗ ಒಂದು ಕಾಲು ಎಳೀತಿದ್ದ. ಆಚೆಗೆ ಹೋದ್ಮೇಲೆ ಎಳೆಯೋದೇ ಇಲ್ಲ. ಈಚೆಯವರಿಗೆ ಹಸಿವು, ಚಳಿ ಎಲ್ಲಾ ಇದೆ. ಅವನು ಒಂದು ಸಲಾನೂ ನಡುಗಲಿಲ್ಲ. ನೋಡಿಲ್ವಾ ನೀವು?”

ಇಂಜಿನಿಯರ್ ನೋಡಿರಲಿಲ್ಲ. ಗುಬ್ಬಿ ಮಾತು ತಿರುಗಿಸಲು ಬಾಯಿ ತೆರೆದಳು. ಯಾಕೋ ಈ ಸಲ ಆಗಲಿಲ್ಲ.

“ಹೌದಮ್ಮ. ನಂಗೂ ಹಾಗೇ ಅನ್ನಿಸ್ತು.”

ಅಮ್ಮ ಈಗ ಕುಸಿಯುತ್ತಾಳೆ ಎಂದುಕೊಂಡು ಗುಬ್ಬಿ ಹೆಡ್‌ಫೋನಿಗೆ ಕೈ ಹಾಕಿ ಓಡಲು ಸಿದ್ಧಳಾದಳು. ಅಮ್ಮ ಕುಸಿಯಲಿಲ್ಲ, ಗದರಿದಳು.

“ಮತ್ಯಾಕೆ ಅವನ ಬಾಯಲ್ಲಿ ಅಳ್ತೀಯ? ಅಳೋರು ನಾವು, ಈಚೆಯವರು. ಅವನಿಗೆ ಕೈತುಂಬಾ ಕೆಲಸ ಇದೆ. ನಾವು ಮನೆ ಬದಲಾಯಿಸಿದಾಗ ನಿನ್ನ ತಮ್ಮ ಏನು ಮಾಡಿದ, ನೆನಪಿದೆಯಾ? ನಮಗಿಂತ ಮುಂಚೆ ಓಡಿಹೋಗಿ, ಕಸ ಗುಡಿಸಿ, ಬಲ್ಬು ಹಾಕಿ, ಮಹಡಿ ಮೇಲೆ ನಿಂತು ಹೆಂಗೆ ಕೂಗಿದ? ಬೀದಿಯವರೆಲ್ಲ ಕಿಟಕಿ ತೆಗೆದು ನೋಡಿದ್ರು. ಹಂಗೆ ಕೂಗು.”

ಗುಬ್ಬಿಗೆ ಎಲ್ಲ ಕಣ್ಣಿಗೆ ಕಟ್ಟಿತು. ತಲೆತುಂಬ ಜೇಡರ ಬಲೆ, ಕೈಯಲ್ಲಿ ಪೊರಕೆ, ಇಡೀ ಕಟ್ಟಡ ತನ್ನದೇ ಎಂಬ ಠೀವಿ. ಕೆಳಗೆ ಹಾಸಿಗೆ ಹೊತ್ತು ನಿಂತವರನ್ನು ನೋಡಿ ಅವನು ನಕ್ಕ ನಗು. ಅವಳು ಮೂಗು ಒರೆಸಿಕೊಂಡು ಮೈಕಿಗೆ ಹತ್ತಿರ ನಿಂತಳು. ಅಳಿಲು ಬಾಯಿ ತೆರೆಯಿತು. ಸ್ವಲ್ಪ ಜಂಬ, ಸ್ವಲ್ಪ ತುಂಟತನ ಬೆರೆತ ಕೂಗು ಆ ಪುಟ್ಟ ಕೋಣೆಯನ್ನು ತುಂಬಿತು. ಅಳಿಲಿನ ತುಟಿಗೆ ಮಾತು ಸರಿಯಾಗಿ ಕೂತಿತು.

“ಹಾಂ, ಹೀಗೆ,” ಎಂದಳು ಅಮ್ಮ, ಬೆನ್ನು ಕುರ್ಚಿಗೆ ಆನಿಸಿ. “ಒಬ್ಬನೇ ಏನು ಮಾಡ್ತಾನೋ ಅಂತ ಸುಮ್ನೆ ಕೊರಗ್ತಿದ್ದೆ. ಅವನಿಗೆ ಪುರುಸೊತ್ತೆಲ್ಲಿ?”

ಇಂಜಿನಿಯರ್ ರೆಕಾರ್ಡಿಂಗ್ ನಿಲ್ಲಿಸಿದ. ಆಮೇಲೆ ತಾನೇ ಗುಂಡಿ ಒತ್ತಿದ.

“ಅಕ್ಕಾ, ಇನ್ನೊಂದು ಸಲ ಹೇಳ್ತೀರಾ?”

“ಯಾಕೆ, ಸರಿ ಬರ್ಲಿಲ್ವಾ?”

“ಬಂತು. ಟೇಕ್ ಓಕೆ.” ರೆಕಾರ್ಡಿಂಗಿನ ಕೆಂಪು ದೀಪ ಆರಿತ್ತು. ಅವನು ತಲೆ ಎತ್ತಲಿಲ್ಲ. “ಇದು ಸಿನಿಮಾಕ್ಕಲ್ಲ, ನನಗೆ. ಈ ಸಲ ‘ಅಮ್ಮಾ’ ಅನ್ನೋ ಕಡೆ ‘ಅಪ್ಪಾ’ ಅನ್ನಿ.”