ಚೀಟಿ ಕೆರೆದ ಡಬ್ಬಿ

ಮಾಗಿಯ ಚಳಿ, ಬೆಳಗಿನ ಆರು ಗಂಟೆ. ಬನವಾಸಿಯ ತನ್ನ ಮನೆಯ ಒಲೆಯ ಮುಂದೆ ಕೂತು ಪಾರ್ವತವ್ವ ಪ್ಲಾಸ್ಟಿಕ್ ಡಬ್ಬಿಯ ಮೇಲಿನ ಚೀಟಿಯನ್ನು ನೀರು ಹಚ್ಚಿ ಹಚ್ಚಿ ಉಗುರಿನಿಂದ ಕೆರೆದಳು. ಚೀಟಿ ಒಲೆಗೆ, ಒಳಗಿನ ಮದ್ದಿನ ಪುಡಿ ಹಿತ್ತಾಳೆ ಡಬ್ಬಿಗೆ. ಮೊದಲೆಲ್ಲ ಬೇರು ತಾನೇ ಅಗೆದು ತರುತ್ತಿದ್ದಳು. ಈಗ ಕೈಲಾಗದೆ ಶಿರಸಿಯ ಅಂಗಡಿಯಲ್ಲಿ ಬೆರಳು ತೋರಿಸಿ ಪುಡಿಯನ್ನೇ ಕೊಂಡಿದ್ದಳು. ಕೂಸು ಹುಟ್ಟಿ ಅಳುವ ತನಕ ಮದ್ದಿನ ಹೆಸರು ಯಾರ ಬಾಯಿಗೂ ಬರಬಾರದು, ಕಣ್ಣಿಗೂ ಬೀಳಬಾರದು. ಅವಳ ಅವ್ವ ಹಾಕಿಕೊಟ್ಟ ಕಟ್ಟಳೆ.

ಸೊಸೆ ಮಹೇಶ್ವರಿಗೆ ಆಗ ಎರಡು ತಿಂಗಳು. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಥೈರಾಯ್ಡ್ ಕಡಿಮೆ ಎಂದು ದಿನಾ ಒಂದು ಗುಳಿಗೆ ನುಂಗುತ್ತಿದ್ದಳು.

"ಹಾಲಿನಾಗ ಏನ್ ಹಾಕೀರಿ ಅತ್ತಿ?"

"ಡಾಕ್ಟರ್ ಬರದ ಚೀಟಿ ಓದಾಕ ಬರೂದಿಲ್ಲ, ಸುಮ್ನ ನುಂಗ್ತಿ. ನನಗಷ್ಟ ಕೋರ್ಟ್ ಹಚ್ಚತಿ. ಹೆಸರ ಕೇಳಿದ್ರ ಮದ್ದಿನ ಗುಣ ಹೋಗತೈತಿ. ಹನ್ನೊಂದ ಮಂದಿಗೆ ಕೊಟ್ಟೇನಿ, ಹನ್ನೊಂದ ತೊಟ್ಟಲಾ ತೂಗ್ಯಾವ. ಕುಡಿ."

ಶಿವರಾತ್ರಿಯ ಹೊತ್ತಿಗೆ ಮಹೇಶ್ವರಿಯ ಕೈ ನಡುಗತೊಡಗಿತು. ತಂಬಿಗೆಯ ನೀರು ತುಳುಕುತ್ತಿತ್ತು. ಎದೆ ಹೊಡೆದುಕೊಂಡು ನಿದ್ದೆ ಹತ್ತುತ್ತಿರಲಿಲ್ಲ. ಶಿರಸಿಯ ಡಾಕ್ಟರಮ್ಮ ರಕ್ತದ ವರದಿಯನ್ನು ಎರಡು ಸಲ ನೋಡಿದರು.

"ಇಷ್ಟು ವರ್ಷ ಕಡಿಮೆ ಇದ್ದ ಹಾರ್ಮೋನು ಈಗ ಮೇಲೆ ಹೋಗಿದೆ. ಗುಳಿಗೆ ಅಷ್ಟೇ ಇದ್ಯಲ್ಲ. ಮತ್ತೆಂತಾದ್ರೂ ತಗೊಳ್ತಿದ್ದೀಯಾ? ಪುಡಿ, ಬೇರು, ಕಷಾಯ? ಇದ್ರೆ ಇವತ್ತೇ ನಿಲ್ಲಿಸ್ಬೇಕು."

ಮಹೇಶ್ವರಿ ಜೊತೆಗೆ ಬಂದಿದ್ದ ಅತ್ತೆಯ ಮುಖ ನೋಡಿದಳು.

"ಏನೂ ಇಲ್ರಿ," ಎಂದಳು ಪಾರ್ವತವ್ವ. ಇನ್ನು ಐದು ತಿಂಗಳು. ಕೂಸು ಅತ್ತ ಕೂಡಲೇ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಮರುದಿನ, ಸೊಸೆ ಸೊರಗಿದ್ದಾಳೆಂದು, ಹಾಲಿಗೆ ಒಂದರ ಬದಲು ಎರಡು ಚಮಚ ಹಾಕಿದಳು.

ಒಂಬತ್ತನೆಯ ದಿನ ಗರ್ಭ ಹೋಯಿತು. ಕಾಯುವುದಕ್ಕೆ ಕೂಸೇ ಇಲ್ಲದ ಮೇಲೆ ಪಾರ್ವತವ್ವ ಹಿತ್ತಾಳೆ ಡಬ್ಬಿಯನ್ನು ತಂದು ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು.

"ಹಿರೇಮದ್ದಿನ ಬೇರ್ರಿ. ಅಶ್ವಗಂಧ ಅಂತಾರಲ್ರಿ."

"ಅದು ಥೈರಾಯ್ಡ್ ಏರಿಸ್ಬಹುದು. ಬಸುರಿಗೆ ಕೊಡುವಂಥದ್ದೇ ಅಲ್ಲ. ಡಬ್ಬಿ ಮೇಲೆ ಬರೆದಿರ್ಲಿಲ್ವಾ?"

"ಕೆರದ ಒಲಿಗೆ ಹಾಕೀನ್ರಿ."

ಡಾಕ್ಟರಮ್ಮ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಇದರಿಂದಲೇ ಹೋಯ್ತು ಅಂತ ನಾನು ಹೇಳುವುದಿಲ್ಲ. ಆದ್ರೆ ಅವತ್ತು ನಾನು ಕೇಳಿದ್ದೆ."

ಮಹೇಶ್ವರಿಯನ್ನು ತವರಿಗೆ ಕರೆದೊಯ್ಯಲು ಅವಳ ಅಣ್ಣ ಆನಂದ ಬಂದ. ಬಸ್ ಸ್ಟ್ಯಾಂಡಿನ ಕಟ್ಟೆಯ ಹತ್ತಿರ ಪಾರ್ವತವ್ವ ರೊಟ್ಟಿಯ ಬುತ್ತಿ ಚಾಚಿದಳು.

"ಚಟ್ನಿಪುಡಿ ಇಟ್ಟೇನಿ, ತಗೋ ನನ್ನವ್ವಾ."

ಮಹೇಶ್ವರಿ ಗಂಟು ಮುಟ್ಟಲಿಲ್ಲ. "ಏನೇನ್ ಹಾಕೀರಿ ಅದರಾಗ?"

ಪಾರ್ವತವ್ವ ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ಒಂದೊಂದೇ ಬೆರಳು ಮಡಚಿದಳು. "ಶೇಂಗಾ, ಬಳ್ಳೊಳ್ಳಿ, ಒಣಮೆಣಸಿನಕಾಯಿ, ಜೀರಗಿ..." ಅಷ್ಟರಲ್ಲಿ ಬಸ್ಸು ಬಂತು. ಅಣ್ಣ ತಂಗಿ ಹತ್ತಿ ಕೂತ ಮೇಲೂ ಮುದುಕಿ ಕಿಟಕಿಯ ಕೆಳಗೆ ನಿಂತು ಹೇಳುತ್ತಲೇ ಇದ್ದಳು. "ಉಪ್ಪ, ಚೂರ ಬೆಲ್ಲ..."

ಬಸ್ಸು ಹೊರಟಿತು. ಬುತ್ತಿ ಕಟ್ಟೆಯ ಮೇಲೆಯೇ ಇತ್ತು.